ಪ್ಲಾ ಕೂಗಿದ್ದು

"ಕೂಗಿದೆ ಟೀಚರ್," ಎಂದಳು ಗೋಲ್‌ಕೀಪರ್ ಪ್ಲಾ, ತಲೆಯೆತ್ತದೆ. "ಬುವಾ ಅಕ್ಕಾ, ಸ್ವಲ್ಪ ಹಿಂದೆ ನೋಡ್ತೀರಾ ಅಂದೆ."

"ನೀನು ಅಷ್ಟು ಹೇಳಿ ಮುಗಿಸೋದ್ರೊಳಗೆ ಆ ರಾಯೊಂಗ್ ಹುಡುಗಿ ಗೋಲ್ ಹೊಡ್ದು ಕುಣಿದೂ ಆಗಿತ್ತು," ಎಂದಳು ಡ್ರೆಸ್ಸಿಂಗ್ ರೂಮಿನ ಮೂಲೆಯಲ್ಲಿದ್ದ ಸೋಮ್. ಎಲ್ಲರೂ ಕಿಸಕ್ಕನೆ ನಕ್ಕರು.

ಕೋಚ್ ಲಮ್ದುವಾನ್ ನಗಲಿಲ್ಲ. ಅರ್ಧ ಆಟ ಮುಗಿದಿತ್ತು, ತಲಾ ಒಂದು ಗೋಲು, ಸಮ. ಗೆದ್ದರೆ ಸೀಸಾಕೇತ್‌ನ ಫುಟ್‌ಬಾಲ್ ಹುಡುಗಿಯರು ಮೊದಲ ಬಾರಿಗೆ ದೊಡ್ಡ ಲೀಗಿಗೆ. ಸಮವಾದರೆ ಇನ್ನೊಂದು ವರ್ಷ ಇಲ್ಲೇ.

ಮೈದಾನದಲ್ಲಿ ಅಕ್ಕ ತಂಗಿ ಇಲ್ಲ ಎಂದು ಮೂರು ತಿಂಗಳಿಂದ ಅವಳು ಕಲಿಸುತ್ತಿದ್ದಳು. 'ಅಕ್ಕ' ಎಂದವರು ಒಂದು ಸುತ್ತು ಓಡಬೇಕು. ಪ್ಲಾ ಓಡಿದಷ್ಟು ಯಾರೂ ಓಡಿರಲಿಲ್ಲ. ಓಡಿ ಬಂದು, "ತಪ್ಪಾಯ್ತು ಬುವಾ ಅಕ್ಕ" ಎಂದು ಮತ್ತೊಂದು ಸುತ್ತು ಓಡುತ್ತಿದ್ದಳು. ಹತ್ತೊಂಬತ್ತರ ಹುಡುಗಿ. ಈಗಲೂ ನೀರು ಕುಡಿಯಲು ಹೋಗುವಾಗ, ಕೂತಿದ್ದ ಬುವಾಳ ತಲೆಗಿಂತ ತನ್ನ ತಲೆ ಮೇಲಾಗದಂತೆ, ಹಿರಿಯರ ಮರ್ಯಾದೆಗೆಂದು, ಬಗ್ಗಿಯೇ ದಾಟಿದ್ದಳು.

ಬುವಾ ಕ್ಯಾಪ್ಟನ್. ಮೂವತ್ತೆರಡು ದಾಟಿತ್ತು. ಮೊಣಕಾಲಿಗೆ ಐಸ್ ಒತ್ತಿಕೊಂಡು, "ಬಿಡಿ ಟೀಚರ್, ನಂಗೆ ಕಣ್ಣಿಲ್ವಾ? ನಾನೇ ನೋಡ್ಕೋಬೇಕಿತ್ತು. ನಮ್ಮಮ್ಮನ್ನ ಬಿಟ್ರೆ ನನ್ನ ಮೇಲೆ ಯಾರೂ ಕೂಗಿಲ್ಲ" ಎಂದಳು. ಮಾತಿನಲ್ಲಿ ಸ್ವಲ್ಪ ಬಿಗುಮಾನವಿತ್ತು.

ಲಮ್ದುವಾನ್ ಬೆಂಚಿನ ತುದಿಯಲ್ಲಿ ಕೂತಳು. ಹನ್ನೊಂದು ವರ್ಷ ದೇಶಕ್ಕೆ ಆಡಿದವಳು. ಮಂಡಿ ಹೋದ ಮೇಲೆ ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರಿಗೂ ಕಲಿಸಿದವಳು.

"ಆಫೀಸ್ನಲ್ಲಿ ನನ್ನ ಬೆಳ್ಳಿ ಪದಕದ ಫೋಟೋ ಇದೆಯಲ್ಲ. ನಾನ್ಯಾಕೆ ಅದ್ರಲ್ಲಿ ಬಾಯಿ ಬಿಗಿದಿದೀನಿ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಫೈನಲ್, ಕೊನೇ ನಿಮಿಷ. ನಮ್ಮ ಕ್ಯಾಪ್ಟನ್ ವಾನ್ ಅಕ್ಕನ ಹಿಂದೆ ಒಬ್ಬಳು ನುಗ್ತಿದ್ಲು. ಅವರಿಗೆ ಕಾಣ್ಲಿಲ್ಲ, ನಂಗೆ ಕಾಣಿಸ್ತು. ಅಷ್ಟು ದೊಡ್ಡೋರಿಗೆ ಹೇಗೆ ಹೇಳೋದು ಅಂತ ಯೋಚ್ನೆ ಮಾಡ್ದೆ. ಅಷ್ಟರಲ್ಲಿ ಗೋಲ್ ಆಗಿ ಆಟ ಮುಗೀತು. ಬೈಗುಳ ಎಲ್ಲ ವಾನ್ ಅಕ್ಕನ ತಲೆ ಮೇಲೆ ಬಿತ್ತು. ಅವರು ಮತ್ತೆ ಆಡ್ಲೇ ಇಲ್ಲ."

ಹೊರಗೆ ಡೋಲಿನ ಸದ್ದು. ಬುವಾ ಐಸ್ ಪಕ್ಕಕ್ಕಿಟ್ಟು ಎದ್ದಳು. ಪ್ಲಾಳ ಮುಂದೆ ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಪ್ಲಾ ಗಾಬರಿಯಿಂದ ಬೆಂಚಿನಿಂದ ಜಾರಿ ಇನ್ನೂ ಕೆಳಗಿಳಿಯಲು ನೋಡಿದಳು. ಬುವಾ ಅವಳ ಮಂಡಿ ಹಿಡಿದು ಅಲ್ಲೇ ಕೂರಿಸಿದಳು.

"ನನ್ನ ಮರ್ಯಾದೆ ಕಾಯ್ಬೇಕು ಅನ್ಸಿದ್ರೆ ಕೂಗು. ತಿಳೀತಾ?"

ಪ್ಲಾ ತಲೆಯಾಡಿಸಿದಳು. ಆ ತಲೆಯಾಟವನ್ನು ಲಮ್ದುವಾನ್ ನಂಬಲಿಲ್ಲ.

ಎಂಬತ್ತೆಂಟನೆಯ ನಿಮಿಷ. ರಾಯೊಂಗ್‌ನವರ ಕಾರ್ನರ್. ಚೆಂಡು ಎತ್ತರಕ್ಕೆ ಹಾರಿ ಬಾಗಿ ಬಂತು. ತಲೆ ಕೊಡಲು ಬುವಾ ಹಿಂದೆ ಹಿಂದೆ ಸರಿಯುತ್ತಿದ್ದಳು. ಅವಳ ಬೆನ್ನ ಹಿಂದಿನಿಂದ ಅದೇ ಹುಡುಗಿ ನುಗ್ಗುತ್ತಿದ್ದಳು. ಗೆರೆಯಾಚೆ ನಿಂತ ಲಮ್ದುವಾನ್‌ಗೆ ಎಲ್ಲವೂ ಕಂಡಿತು.

"ಬುವಾ! ಬಗ್ಗೇ! ನಂದು!"

ಡೋಲನ್ನೂ ಜನರನ್ನೂ ಸೀಳಿಕೊಂಡು ಬಂದ ಪ್ಲಾಳ ಕೂಗು. ಬುವಾ ಅಮ್ಮನ ಕೂಗು ಕೇಳಿದವಳಂತೆ ತಟ್ಟನೆ ಬಗ್ಗಿದಳು. ಅವಳ ತಲೆಯ ಮೇಲಿಂದ ಹಾರಿ ಪ್ಲಾ ಎರಡೂ ಕೈಯಲ್ಲಿ ಚೆಂಡನ್ನು ಬಾಚಿಕೊಂಡಳು. "ಸೋಮ್, ಓಡೇ!" ಎಂದು ಮತ್ತೊಮ್ಮೆ ಕೂಗಿ ಬೀಸಿ ಎಸೆದಳು. ರಾಯೊಂಗ್‌ನವರೆಲ್ಲ ಈ ತುದಿಯಲ್ಲೇ ಇದ್ದರು. ಸೋಮ್ ಒಬ್ಬಳೇ ಓಡಿದಳು, ಓಡಿದಳು, ಬಲೆ ಅಲುಗಿತು.

ಲಮ್ದುವಾನ್ ಆ ಗೋಲು ನೋಡಲಿಲ್ಲ. ಮುಖ ಮುಚ್ಚಿಕೊಂಡು ಗೆರೆಯ ಮೇಲೆ ಕೂತುಬಿಟ್ಟಿದ್ದಳು. ಸೀಟಿ ಊದಿದ ಮೇಲೆ ಹುಡುಗಿಯರು ಅವಳನ್ನು ಮೂರು ಸಲ ಆಕಾಶಕ್ಕೆ ಎಸೆದು ಹಿಡಿದರು. ಮಂಡಿ ಜೋಪಾನ ಎಂದು ಅವಳು ಚೀರುತ್ತಿದ್ದರೂ ಯಾರೂ ಕೇಳಲಿಲ್ಲ.

ಸಂಜೆ ಬಸ್ಸು ಊರ ಕಡೆ ಹೊರಟಾಗಲೂ ಹಿಂದಿನ ಸೀಟುಗಳಲ್ಲಿ ಹಾಡು ನಿಂತಿರಲಿಲ್ಲ. ಲಮ್ದುವಾನ್ ತಿರುಗಿ ನೋಡಿದಳು. ಬುವಾ ಗೆದ್ದ ಕಪ್ಪನ್ನು ತಬ್ಬಿಕೊಂಡು, ದಾರಿಗಡ್ಡವಾಗಿ ಕಾಲು ಚಾಚಿ ನಿದ್ದೆಹೋಗಿದ್ದಳು. ಅವಳ ಪಕ್ಕದಲ್ಲಿ ಎಲ್ಲರಿಗೂ ಹಂಚಲು ಅಂಟು ಅನ್ನದ ಬುಟ್ಟಿ ಹಿಡಿದ ಪ್ಲಾ, ಆ ಕಾಲುಗಳನ್ನು ದಾಟಲಾರದೆ, ಎಬ್ಬಿಸಲೂ ಆರದೆ, ಬಸ್ಸಿನ ಓಲಾಟಕ್ಕೆ ಓಲಾಡುತ್ತಾ ನಿಂತಿದ್ದಳು.