ಜಟ್ಟಿಯ ಬಲಗೈ

ನಮ್ಮ ಮನೆಯ ಅತಿ ಸಿಟ್ಟಿನ ಸದಸ್ಯ ನನ್ನ ನಡುಬೆರಳಿನಷ್ಟು ಉದ್ದ. ಹೆಸರು ಜಟ್ಟಿ, ಜಾತಿ ಮ್ಯಾಂಟಿಸ್ ಸಿಗಡಿ. ಗೋಕುಲಂನಲ್ಲಿ ನಾನು ಕೆಲಸ ಮಾಡುವ ಅಕ್ವೇರಿಯಂ ಅಂಗಡಿಗೆ ಸಮುದ್ರದ ಕಲ್ಲುಗಳ ಸಂದಿಯಲ್ಲಿ ಕುಳಿತು ಟಿಕೆಟ್ ಇಲ್ಲದೆ ಬಂದಿದ್ದ. ಬಂದವನು ಸುಮ್ಮನಿದ್ದನೇ? ಮಾರಾಟಕ್ಕಿಟ್ಟ ಬಸವನಹುಳುಗಳನ್ನು ಮುಷ್ಟಿಯಂಥ ಮುಂಗೈಗಳಿಂದ ಗುದ್ದಿ, ಚಿಪ್ಪು ಒಡೆದು ತಿಂದ.

"ಇವ್ನು ಇಲ್ಲಿದ್ರೆ ನಾನು ಅಂಗಡಿ ಮುಚ್ಬೇಕಾಗುತ್ತೆ ಸಿದ್ದು. ನೀನೇ ಕರ್ಕೊಂಡೋಗು," ಎಂದರು ಅಂಗಡಿಯ ಯಜಮಾನಿ ಲಾಸ್ಯಕ್ಕ.

ಹಿನಕಲ್‌ನ ಮನೆಗೆ ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟೆ. ನನಗೆ ಬೇಕಾಗಿದ್ದು ತಮಾಷೆ. ಯಾರಾದರೂ ತೊಟ್ಟಿಯ ಹತ್ತಿರ ಬಗ್ಗಿದರೆ ಜಟ್ಟಿ ಬಿಲದಿಂದ ತಲೆ ಹಾಕಿ ಎರಡು ಕಣ್ಣನ್ನೂ ಎರಡು ದಿಕ್ಕಿಗೆ ತಿರುಗಿಸುತ್ತಿದ್ದ. ನಾನು ಹಿಂದಿನಿಂದ ವಿಲನ್ ದನಿಯಲ್ಲಿ ಡಬ್ಬಿಂಗ್ ಮಾಡುತ್ತಿದ್ದೆ. "ಇದು ನನ್ನ ಏರಿಯಾ. ಬಾಗ್ಲು ತಟ್ಟೋಕ್ ಮುಂಚೆ ಮನೇಲಿ ಹೇಳ್ಬಂದಿದ್ಯಾ?"

ಆದರೆ ಜಟ್ಟಿಗೆ ನಿಜವಾದ ಅಭಿಮಾನಿ ಸಿಕ್ಕಿದ್ದು ಅಪ್ಪ. ಅಪ್ಪನ ಹೆಸರು ಹುಚ್ಚಯ್ಯ, ಗರಡಿಯ ಉಸ್ತಾದ್ ಆಗಿದ್ದವನು. ಹುಡುಗರು ಒಬ್ಬೊಬ್ಬರಾಗಿ ಜಿಮ್ಮಿನ ಕನ್ನಡಿಗಳ ಕಡೆ ಹೋದರು, ಗರಡಿಗೆ ಬೀಗ ಬಿತ್ತು, ಅಪ್ಪನ ಬಾಯಿಗೂ ಬಿತ್ತು. ಕಡಕೊಳದ ಫ್ಯಾಕ್ಟರಿಯಿಂದ ಬಂದ ಅವ್ವ ದಿನದ ಕಥೆಯನ್ನೆಲ್ಲ ಹೇಳಿದರೂ "ಹೂಂ" ಅಷ್ಟೆ. ಅಂಥವನು ಜಟ್ಟಿಯ ಮೊದಲ ಗುದ್ದು ನೋಡಿ ಸ್ಟೂಲ್ ಎಳೆದುಕೊಂಡು ತೊಟ್ಟಿಯ ಮುಂದೆ ಕೂತ.

"ಏಟು ಎಲ್ಲಿಂದ ಬತ್ತದೆ ನೋಡ್ಲಾ. ಭುಜದಿಂದ," ಎಂದ.

ಅವ್ವ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ನನ್ ಕೈಲಿ ಆಗ್ದೆ ಇದ್ದಿದ್ದು ಈ ಹುಳಿನ್ ಕೈಲಿ ಆಯ್ತಲ್ಲಪ್ಪ."

ಅವತ್ತಿನಿಂದ ಮನೆಯಲ್ಲಿ ಮಾತು ಶುರುವಾಯಿತು. ಜಟ್ಟಿ ಏನು ತಿಂದ, ಯಾವ ಕಲ್ಲು ಸರಿಸಿದ, ಯಾರನ್ನು ದುರುಗುಟ್ಟಿ ನೋಡಿದ. ವಿಷಯ ಒಂದೇ, ಆದರೆ ಅಪ್ಪ ಮಾತಾಡುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಜಟ್ಟಿ ಊಟ ಬಿಟ್ಟು, ಬಿಲದ ಬಾಯಿಗೆ ಕಲ್ಲು ಜೋಡಿಸಿ ಒಳಗೆ ಸೇರಿಕೊಂಡ. ಹಾವಿನ ಹಾಗೆ ಪೊರೆ ಬಿಡುವ ಕಾಲ. ಹಳೆಯ ಚಿಪ್ಪು ಕಳಚಿ ಹೊಸದು ಗಟ್ಟಿಯಾಗುವವರೆಗೆ ಅವನ ಮೈ ಬೆಂದ ಮೊಟ್ಟೆಯಷ್ಟು ಮೆತ್ತಗೆ. ಒಂದು ಬೆಳಿಗ್ಗೆ ನೋಡಿದರೆ ಕಲ್ಲು ಬಿದ್ದಿತ್ತು, ಜಟ್ಟಿ ಹೊರಗಿದ್ದ. ಮೈ ಪೂರ್ತಿ ಕಳಚಿತ್ತು, ಬಲಗೈ ಮಾತ್ರ ಹಳೆಯ ಚಿಪ್ಪಿನೊಳಗೆ ಸಿಕ್ಕಿಕೊಂಡಿತ್ತು. ಆ ಚಿಪ್ಪನ್ನು ಎಳೆದುಕೊಂಡು ಎರಡು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಎಳೆಯುವುದು.

ಲಾಸ್ಯಕ್ಕನಿಗೆ ಫೋನ್ ಮಾಡಿದೆ.

"ಮುಟ್ಬೇಡ, ಎಳೀಬೇಡ. ನೀರು ಚೊಕ್ಕಟವಾಗಿರ್ಲಿ, ಗಾಳಿ ಮೋಟ್ರು ಜೋರಾಗಿ ಓಡ್ಲಿ, ಕತ್ಲೆ ಮಾಡು. ಬಾಕಿದು ಅವನೇ ನೋಡ್ಕೋಬೇಕು," ಎಂದರು.

ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. "ಭುಜ ಸಿಗಾಕ್ಕೊಂಡದೆ ಅಷ್ಟೆ. ಎಷ್ಟು ಜನದ್ದು ಕೂರಿಸಿಲ್ಲ ನಾನು?"

"ಅಪ್ಪ, ಈ ಸೀನಲ್ಲಿ ನೀನು ಹೀರೋನೂ ಅಲ್ಲ, ಡಾಕ್ಟ್ರೂ ಅಲ್ಲ. ಬರೀ ಪ್ರೇಕ್ಷಕ. ಒಂದು ಬೆರಳೂ ಮುಟ್ಟುಸ್ಬೇಡ."

"ಸುಮ್ನೆ ನೋಡ್ತಾ ಎಂಗ್ಲಾ ಕೂತ್ಕಳಾದು?"

ತೊಟ್ಟಿಗೆ ಬಟ್ಟೆ ಹೊದಿಸಿ ಅಂಗಡಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಬಾಗಿಲಲ್ಲೇ ಹರಳೆಣ್ಣೆಯ ವಾಸನೆ. ಬಟ್ಟೆ ಎತ್ತಿದರೆ ನೀರಿನ ಮೇಲೆಲ್ಲ ಎಣ್ಣೆ ಹರಡಿ ಹೊಳೆಯುತ್ತಿತ್ತು. ಹೀಗೆ ಪದರ ಕಟ್ಟಿದರೆ ನೀರಿಗೆ ಗಾಳಿ ಸೇರುವುದಿಲ್ಲ. ಜಟ್ಟಿ ಪಕ್ಕಕ್ಕೆ ವಾಲಿದ್ದ. ಉಸಿರಿಗಾಗಿ ಅವನ ಹೊಟ್ಟೆಯ ಕೆಳಗೆ ಬೀಸಣಿಗೆಯಂತೆ ಆಡುವ ಪುಟ್ಟ ಕಾಲುಗಳು ನಿಂತು ನಿಂತು ಆಡುತ್ತಿದ್ದವು.

"ನಾನು ಮುಟ್ನಿಲ್ಲ," ಎಂದ ಅಪ್ಪ. "ನೀನು ಹೇಳ್ದಂಗೆ ಒಂದು ಬೆರಳೂ ಅದ್ದಿಲ್ಲ ಕಣ್ಲಾ. ಮೇಲಿಂದ ಎಣ್ಣೆ ಬುಟ್ಟೆ ಅಷ್ಟೆ. ಕೀಲು ಸಡ್ಲ ಆಯ್ತದೆ ಅಂತ."

ಗರಡಿಯಲ್ಲಿ ಯಾರ ತೋಳು ಹಿಡಿದುಕೊಂಡರೂ ಮೊದಲ ಮದ್ದು ಅದೇ.

"ಅಪ್ಪ, ನೀನು..." ಎಂದು ಬಾಯಿ ತೆರೆದೆ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ಮುಂದಿನ ಮಾತು ಸಿದ್ಧವಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಅದನ್ನು ಆಡಿದ್ದರೆ ಅಪ್ಪ ಮತ್ತೆ ಆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ನುಂಗಿಕೊಂಡೆ.

"ಟಿಶ್ಯೂ ಕಟ್ಟು ತಗೊಂಬಾ," ಎಂದೆ. "ಕೆಲ್ಸ ಅದೆ ನಿಂಗೆ. ನೀರಿನ ಮೇಲೆ ಹಾಳೆ ಹಾಸು, ಎಣ್ಣೆ ಹೀರ್ಕೊಂಡ್ಮೇಲೆ ಎತ್ತು. ನೀರು ಅಲ್ಲಾಡ್ಬಾರ್ದು."

ನಾನು ಹಾಸಿದ ಮೊದಲ ಹಾಳೆ ನೀರನ್ನು ಕಲಕಿತು, ಅಪ್ಪನದು ಕಲಕಲಿಲ್ಲ. ನೂರು ಜನರ ಬೆನ್ನು ನೀವಿದ ಆ ದಪ್ಪ ಬೆರಳುಗಳು ಹಾಳೆಯ ಎರಡು ತುದಿ ಹಿಡಿದು, ನೀರಿಗೆ ಗೊತ್ತಾಗದ ಹಾಗೆ ಹಾಸಿ ಎತ್ತುತ್ತಿದ್ದವು. ಹೊಳಪು ಪೂರ್ತಿ ಹೋಗುವವರೆಗೂ ಬಿಡಲಿಲ್ಲ. ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರನ್ನು ನಾನು ಸಣ್ಣ ಪೈಪಿನಲ್ಲಿ ಬಿಟ್ಟು, ಹಳೆಯದನ್ನು ತೆಗೆದೆ. ಮತ್ತೆ ಬಟ್ಟೆ ಹೊದಿಸಿದೆವು.

ಅಪ್ಪ ಪಕ್ಕದಲ್ಲೇ ಕೂತು ಬಟ್ಟೆಗೆ ಹೇಳಿದ, "ಅವಸ್ರ ಮಾಡ್ಬೇಡ ಮಗ. ಉಸ್ರು ಬುಡ್ಬೇಡ."

ಸಂಜೆ ಅವ್ವ ಬಂದಾಗಲೂ ಅಲ್ಲೇ ಇದ್ದ. ಅವಳು ಊಟದ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟಳು.

ಮಾರನೆಯ ಬೆಳಿಗ್ಗೆ ಬಟ್ಟೆಯ ಅಂಚು ಎತ್ತಿದೆ. ಹಳೆಯ ಚಿಪ್ಪು ಒಂದು ಮೂಲೆಯಲ್ಲಿ ಬಿದ್ದಿತ್ತು. ಬಲಗೈ ಅದರೊಳಗೇ ಉಳಿದಿತ್ತು. ಜಟ್ಟಿ ಬಿಲದ ಬಾಯಲ್ಲಿದ್ದ. ಹೊಟ್ಟೆಯ ಕೆಳಗಿನ ಬೀಸಣಿಗೆ ಸಲೀಸಾಗಿ ಆಡುತ್ತಿತ್ತು.

"ಕೈ ಹೋಯ್ತು," ಎಂದ ಅಪ್ಪ.

"ಅವನೇ ಕಳಚ್ಕೊಂಡಿದ್ದಾನೆ ಕಣಪ್ಪ. ಸಿಕ್ಕಾಕ್ಕೊಂಡ್ರೆ ಹಂಗೆ ಮಾಡ್ತಾವೆ. ಮುಂದಿನ್ ಸಲ ಪೊರೆ ಬಿಡುವಾಗ ಸಣ್ಣದಾಗಿ ಬರುತ್ತೆ, ಆಮೇಲೆ ದೊಡ್ಡದಾಗುತ್ತೆ."

ಅಪ್ಪ ಸ್ಟೂಲನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡ. "ನಾನು ಎಣ್ಣೆ ಬುಡ್ದೆ ಇದ್ದಿದ್ರೆ ಕೈ ಉಳೀತಿತ್ತಾ?"

ಸಮಾಧಾನದ ಡೈಲಾಗು ಬೇಕಾದಷ್ಟು ಗೊತ್ತು ನನಗೆ. ಒಂದೂ ಹೇಳಲಿಲ್ಲ. "ಗೊತ್ತಿಲ್ಲ ಕಣಪ್ಪ. ಆದ್ರೆ ಅಷ್ಟು ಎಣ್ಣೆ ತೆಗೆಯೋಕೆ ನನ್ ಕೈಲಿ ಆಯ್ತಿರ್ಲಿಲ್ಲ."

ಅವನು ತಲೆಯಾಡಿಸಿದ.

ಜಟ್ಟಿಯ ಹೊಸ ಚಿಪ್ಪು ಗಟ್ಟಿಯಾದ ಮೇಲೆ ಅಂಗಡಿಯಿಂದ ಒಂದು ಬಸವನಹುಳು ತಂದೆ. ಜಟ್ಟಿ ಹತ್ತಿರ ಬಂದು ಎಡಗೈಯಿಂದ ಗುದ್ದಿದ. ಚಿಪ್ಪು ಉರುಳಿತೇ ಹೊರತು ಒಡೆಯಲಿಲ್ಲ. ಇನ್ನೊಂದು ಸಲ ಗುದ್ದಿ ಹಿಂದೆ ಸರಿದ. ಅಪ್ಪ ಹುಳುವನ್ನು ಚಿಮುಟದಿಂದ ಎತ್ತಿ ಹಿತ್ತಲಿಗೆ ಒಯ್ದು, ಒರಳಿನ ಅಂಚಿಗೆ ಕುಟ್ಟಿ ಒಡೆದ. ಮಾಂಸವನ್ನು ತೊಳೆದು, ಚಿಮುಟದ ತುದಿಯಲ್ಲಿ ಬಿಲದ ಬಾಯಿಗೆ ಹಿಡಿದು ಕಾದ.

ಜಟ್ಟಿ ಒಂದು ಕಣ್ಣಿನಿಂದ ಮಾಂಸವನ್ನೂ ಇನ್ನೊಂದರಿಂದ ಅಪ್ಪನನ್ನೂ ನೋಡಿದ. ಆಮೇಲೆ ಕಿತ್ತುಕೊಂಡು ಒಳಗೆ ಹೋದ.

"ನಾಳೀಕೂ ಒಂದು ತಗೊಂಬಾ ಸಿದ್ದು," ಎಂದ ಅಪ್ಪ, ಚಿಮುಟ ಒರೆಸುತ್ತ. "ಇನ್ನೊಂದು ಕೈ ಬರಗಂಟ ನಾನು ಒಡ್ಕೊಡ್ತೀನಿ."