ಹನಿಯಣ್ಣ ಕಾಯಿಸಿದ ಹನ್ನೊಂದು ನಿಮಿಷ

"ಆ ಕಡೆ ಸ್ವಲ್ಪ ಎತ್ತಿ ಸಾರ್, ಬಾಗಿಲಿಗೆ ತಗಲ್ತಿದೆ," ಎಂದು ಸಂಶೋಧಕಿ ಬೆಂಚಿನ ಒಂದು ತುದಿಯನ್ನು ಓರೆ ಮಾಡಿದಳು. ಇನ್ನೊಂದು ತುದಿ ಪ್ರೊಫೆಸರ ಕೈಯಲ್ಲಿತ್ತು. ಜನ್ಮದಲ್ಲಿ ಪೆನ್ನಿಗಿಂತ ಭಾರದ್ದೇನನ್ನೂ ಎತ್ತದ ಮನುಷ್ಯ ಇವತ್ತು ಬೆವರು ಸುರಿಸುತ್ತ ಬೆಂಚು ಹೊರುತ್ತಿದ್ದರು. ಹನಿಯಣ್ಣ ಬೆಳಿಗ್ಗೆ ಆರಕ್ಕೆ ತೀರಿಕೊಂಡಿದ್ದರು. ಒಂಬತ್ತಕ್ಕೆಲ್ಲ ಇಡೀ ಪ್ರಯೋಗಾಲಯ ಆ ಎರಡು ಕೋಣೆಯ ಮನೆಯಲ್ಲಿತ್ತು, ಕೂರಲು ಜಾಗವಿರಲಿಲ್ಲ.

ಮೂವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಇಲಿಯ ಪುಟ್ಟ ಹೃದಯದಿಂದ ಜೀವಕೋಶಗಳನ್ನು ಬಿಡಿಬಿಡಿಯಾಗಿ ಬಿಡಿಸಿ, ಜೀವಂತವಾಗಿ ತಂದುಕೊಡುವುದು. ಬಿಡಿಸುವಾಗ ಕ್ಯಾಲ್ಸಿಯಂ ಇರಕೂಡದು, ಬಿಡಿಸಿದ ಮೇಲೆ ಬೇಕೇ ಬೇಕು. ಒಮ್ಮೆಲೇ ಸುರಿದಿರೋ, ಅಷ್ಟೂ ಕೋಶಗಳು ಮುದುಡಿ ಉಂಡೆಯಾಗಿ ಸಾಯುತ್ತವೆ. ಹನಿ ಹನಿಯಾಗಿ ಬಿಡಬೇಕು, ಮುಕ್ಕಾಲು ಗಂಟೆ ಮಿಸುಕದೆ. ಬೇರೆಯವರು ಮಾಡಿದರೆ ನೂರಕ್ಕೆ ಇಪ್ಪತ್ತು ಉಳಿದರೆ ಅದೇ ಪುಣ್ಯ. ಇವರ ಕೈಯಲ್ಲಿ ಎಂಬತ್ತು ಉಳಿಯುತ್ತಿದ್ದವು! ಹಾಗಾಗಿಯೇ ಹನಿಯಣ್ಣ.

ಸಂಶೋಧಕಿಯ ಚೀಲದಲ್ಲಿ ಅವಳ ಲೇಖನದ ಕರಡಚ್ಚು ಇತ್ತು. ಸಂಜೆಯೊಳಗೆ ತಿದ್ದಿ ಪತ್ರಿಕೆಗೆ ವಾಪಸು ಕಳಿಸಬೇಕು. ಮೊದಲ ಪುಟದಲ್ಲಿ ಅವಳ ಹೆಸರು, ಪ್ರೊಫೆಸರ ಹೆಸರು. ಹನಿಯಣ್ಣ ಕೊನೆಯ ಪುಟದಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ಯಂತ್ರ ರಿಪೇರಿ ಮಾಡಿದವನ ಪಕ್ಕದಲ್ಲಿದ್ದರು. ಬೆಂಚು ಇಳಿಸಿದವಳೇ ಅವಳು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು.

*

ಮೂರು ವರ್ಷದ ಹಿಂದಿನ ಮಾತು. ಕೂದಲಿಗಿಂತ ಸಪೂರದ ಗಾಜಿನ ಕೊಳವೆಯನ್ನು ಕೋಶಕ್ಕೆ ಅಂಟಿಸಿ, ಅದರ ಪೊರೆ ಎಷ್ಟು ವಿಸ್ತಾರವಿದೆಯೆಂದು ಅವಳು ಅಳೆಯುತ್ತಿದ್ದಳು. ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿಸಿದೊಡನೆ ಆ ಅಳತೆ ತೋರಿಸುವ ತೆರೆಯ ಮೇಲಿನ ಗೆರೆ ಸರ್ರನೆ ಕೆಳಗಿಳಿಯಿತು.

"ಥೂ, ಇದೂ ಸತ್ತಿತು!" ಎಂದು ಕೊಳವೆ ಕೀಳಲು ಹೋದಳು. ಹಾಗೆ ಎಸೆದ ಕೋಶಗಳು ಇನ್ನೂರಕ್ಕೂ ಮಿಕ್ಕಿದ್ದವು. ಗೆರೆ ಇಳಿದರೆ ಕೋಶ ಕೆಟ್ಟಿತೆಂದೇ ಲೆಕ್ಕ, ಪ್ರೊಫೆಸರು ಕಲಿಸಿದ್ದೂ ಅದನ್ನೇ.

"ತಡೀರಿ ತಾಯಿ," ಎಂದರು ಹನಿಯಣ್ಣ ಹಿಂದಿನಿಂದ, ಪಕ್ಕದ ತೆರೆಯಲ್ಲಿ ಕಾಣುತ್ತಿದ್ದ ಕೋಶದತ್ತ ಬಾಗಿ. "ಸತ್ತಿದ್ರೆ ಉಂಡೆ ಆಗ್ಬೇಕಿತ್ತಲ್ಲ? ನೋಡಿ, ಹೆಂಗೆ ಕಾಲು ಚಾಚ್ಕೊಂಡು ಮಲಗಿದೆ!"

"ಗೆರೆ ಬಿದ್ದೋಯ್ತಲ್ಲ ಹನಿಯಣ್ಣ."

"ಗೆರೆ ಬಿದ್ರೆ ಬೀಳ್ಲಿ ಬಿಡಿ. ನಾನು ನೋಡೋದು ಗೆರೇನಲ್ಲ, ಅದನ್ನ. ಕಾಯಿರಿ."

ಬೇರೆ ಯಾರಾದರೂ ಹೇಳಿದ್ದರೆ ಅವಳು ರೇಗುತ್ತಿದ್ದಳು. ಹೇಳಿದ್ದು ಹನಿಯಣ್ಣ, ಹಾಗಾಗಿ ಕೊಳವೆಯಿಂದ ಕೈ ತೆಗೆದು ಕಾದಳು. ಹನ್ನೊಂದನೆಯ ನಿಮಿಷಕ್ಕೆ ಆ ಕೋಶ ಮೈ ಸೆಟೆದು, ಸಡಿಲಿಸಿ, ಒಮ್ಮೆ ಮಿಡಿಯಿತು. ಅದು ಸತ್ತಿರಲಿಲ್ಲ, ತನ್ನದೇ ಪೊರೆಯಲ್ಲಿ ಕಾಲು ಭಾಗವನ್ನು ಒಳಗೆ ನುಂಗಿಕೊಂಡಿತ್ತು.

ಊರೂರು ಸುತ್ತಿ ಅವಳು ಅದನ್ನು ಹೇಳಿದಳು. ಮೊದಲ ಸಭೆಯಲ್ಲೇ "ನನಗ್ಯಾಕೋ ಕಾಯೋಣ ಅನ್ನಿಸಿತು" ಎಂಬ ಮಾತು ಬಾಯಿಂದ ಜಾರಿತ್ತು. ಕೊನೆಯ ಸಾಲಿನಲ್ಲಿ ಕೂತಿದ್ದ ಹನಿಯಣ್ಣ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು. ಆಮೇಲೆ ತಿದ್ದಿದರಾಯಿತು ಎಂದುಕೊಂಡವಳು ತಿದ್ದಲೇ ಇಲ್ಲ.

*

"ಬಾಮ್ಮ, ಇಲ್ಲಿ ಕೂತ್ಕೋ," ಎಂದು ಹನಿಯಣ್ಣನ ಹೆಂಡತಿ ಸಂಶೋಧಕಿಯನ್ನು ಪಕ್ಕಕ್ಕೆ ಕರೆದರು. "ಮನೇಲಿ ಬರೀ ನಿಂದೇ ಸುದ್ದಿ. ಏನೋ ದೊಡ್ಡದು ಕಂಡುಹಿಡಿದ್ಯಂತೆ? ನಂಗೇನು ಅರ್ಥ ಆಗುತ್ತೆ! ಇವರು ಮಾತ್ರ ಒಂದು ವಾರ ಕುಣಿದ್ರು."

ಸಂಶೋಧಕಿ ಆಕೆಯ ಕಡೆ ತಿರುಗಿ ಕೂತಳು. ಮನೆಯಲ್ಲೂ ಹನಿಯಣ್ಣ ಹಾಗೇ ಹೇಳಿದ್ದರಲ್ಲ!

"ಅಮ್ಮಾ, ಹೃದಯದ ಒಂದೊಂದು ಕೋಶಕ್ಕೂ ಕೊಬ್ಬಿನ ಪೊರೆ ಇರುತ್ತೆ. ಅದ್ರಲ್ಲಿ ಚಿಕ್ಕ ಚಿಕ್ಕ ಬಾಗ್ಲು. ಸೋಡಿಯಂ, ಕ್ಯಾಲ್ಸಿಯಂ ಎಲ್ಲಾ ಅಲ್ಲೇ ಓಡಾಡ್ಬೇಕು. ಯಾವ ಬಾಗ್ಲು ತೆಗೀಬೇಕು, ಯಾವುದು ಮುಚ್ಬೇಕು ಅನ್ನೋದ್ರಲ್ಲಿ ಆ ಕೊಬ್ಬಿನ ಕೈವಾಡಾನೇ ಜಾಸ್ತಿ. ಕ್ಯಾಲ್ಸಿಯಂ ಮಿತಿ ಮೀರಿದ್ರೆ ಪೊರೆ ಬಾಗ್ಲು ಸಮೇತ ಒಳಗೆ ಮಡಚ್ಕೊಳ್ಳುತ್ತೆ. ಅದನ್ನ ಮೊದಲು ಕಂಡಿದ್ದು ನಾನಲ್ಲ, ಅವರು. ನಾನು ಸತ್ತಿತು ಅಂತ ಎಸೀತಿದ್ದೆ. ಕಾಯಿರಿ ಅಂದಿದ್ದು ಅವರು."

"ಅಯ್ಯೋ, ಇಲ್ಲಮ್ಮ. ನೀನೇ ಅಂತ ಅವರೇ ಹೇಳಿದ್ರು."

"ಅವರು ಹೇಳಿದ್ದು ಸುಳ್ಳು. ನಾನು ಹೇಳ್ಕೊಂಡು ತಿರುಗಿದ್ದೂ ಸುಳ್ಳು," ಎಂದಳು ಗಟ್ಟಿಯಾಗಿ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಕರಡು ತೆಗೆದು, ತನ್ನ ಹೆಸರಿನ ಪಕ್ಕದಲ್ಲೇ ಹನಿಯಣ್ಣನ ಪೂರ್ತಿ ಹೆಸರು ಬರೆದಳು. "ಇಬ್ಬರದೂ ಸಮಪಾಲು" ಎಂದು ಕೆಳಗೆ ಸೇರಿಸಿ ಪ್ರೊಫೆಸರ ಮುಂದೆ ಹಿಡಿದಳು.

ಪ್ರೊಫೆಸರು ಕನ್ನಡಕ ಏರಿಸಿ ನೋಡಿದರು. "ನಂಗೂ ಹೇಳ್ಲಿಲ್ವಲ್ಲೇ!" ಎಂದರು. ಆಮೇಲೆ ದನಿ ತಗ್ಗಿಸಿ, "ಹೊಸ ಕೆಲಸದ ಅರ್ಜೀಲಿ ಒಬ್ಬಳೇ ಕಂಡುಕೊಂಡೆ ಅಂತ ಬರ್ದಿದೀಯ. ಇದು ಅಚ್ಚಾದ್ರೆ ಅದು ಕೈ ತಪ್ಪುತ್ತೆ, ಯೋಚ್ನೆ ಮಾಡಿದೀಯಾ?" ಎಂದು ಕೇಳಿದರು.

"ತಪ್ಪಲಿ ಸಾರ್. ಆ ಕೆಲಸ ಕೊಡೋರಿಗೂ ಇವತ್ತೇ ನಿಜ ಬರೀತೀನಿ."

ಪ್ರೊಫೆಸರು ತೊಡೆಯ ಮೇಲೆ ಕಾಗದವಿಟ್ಟು, ತಿದ್ದುಪಡಿಯ ಪಕ್ಕ ಒಪ್ಪಿಗೆಯ ಸಹಿ ಹಾಕಿದರು. "ನಾನೂ ಆ ಕೋಣೇಲೇ ಇದ್ದೆ ಕಣೇ, ಮೂವತ್ತು ವರ್ಷ," ಎಂದು ಮೂಗು ಒರೆಸಿಕೊಂಡರು.

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ನಾಲ್ವರು ಒಳಗೆ ಬಂದು, ಚಾಪೆಯ ಮೇಲಿದ್ದ ದೇಹದ ತಲೆಯ ಕಡೆ ಇಬ್ಬರು, ಕಾಲಿನ ಕಡೆ ಇಬ್ಬರು ನಿಂತರು. ಹನಿಯಣ್ಣನ ಹೆಂಡತಿ ಮಾತ್ರ ಕಾಗದ ಇಸಿದುಕೊಂಡು ಪುಟ ತಿರುವುತ್ತ, ಗೆರೆಯ ಚಿತ್ರವಿದ್ದಲ್ಲಿ ಕೈ ನಿಲ್ಲಿಸಿದರು.

"ಅವರು ಕಾಯಿರಿ ಅಂದಿದ್ದು ಎಲ್ಲಿ, ತೋರ್ಸಮ್ಮ?"

ಗೆರೆ ಕೆಳಗಿಳಿದು ಸಪಾಟಾಗಿ ಸಾಗುವ ಜಾಗವನ್ನು ಸಂಶೋಧಕಿ ತೋರಿಸಿದಳು. ಆಕೆ ಅಲ್ಲಿ ಬೆರಳಿಟ್ಟರು. ನಿಧಾನವಾಗಿ, ಕೂದಲೆಳೆಯಷ್ಟೇ ಮುಂದೆ ಸರಿಸುತ್ತ ಹೋದರು. ಹೊರಲು ಬಗ್ಗಿದವರು ಮತ್ತೆ ನೆಟ್ಟಗಾಗಿ, ಆ ಬೆರಳು ಗೆರೆಯ ಕೊನೆ ಮುಟ್ಟುವವರೆಗೆ ಕೈಕಟ್ಟಿ ನಿಂತರು.