ಬಣ್ಣದ ತುತ್ತು

ಮನೆಯವರೆಲ್ಲ ಗುಬ್ಬಿ ಎನ್ನುತ್ತಿದ್ದ ಮಗುವಿಗೆ ಎರಡು ವರ್ಷ ತುಂಬಿತ್ತು. ತಿನ್ನುತ್ತಿದ್ದುದು ಬಿಳಿಯದನ್ನು ಮಾತ್ರ: ಅನ್ನ, ಹಾಲು, ಸಿಪ್ಪೆ ಹೆರೆದ ಸೇಬು. ಕ್ಯಾರೆಟ್ ಕಂಡರೆ ತುಟಿ ಬಿಗಿಯುತ್ತಿತ್ತು. ಸೊಪ್ಪು ಕಂಡರೆ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತಿತ್ತು.

ಅದರ ಅಮ್ಮ ಮದುವೆಯ ಬಟ್ಟೆ ಹೊಲಿಯುವವಳು. ಹೆರಿಗೆಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಹಾಕಿಕೊಂಡಿದ್ದಳು. ಈಗ ಹಳೆಯ ಅಂಗಡಿಯ ಯಜಮಾನಿ ಮತ್ತೆ ಕರೆದಿದ್ದರು, ಈ ಸಲ ಬಟ್ಟೆ ಕತ್ತರಿಸುವ ಮೇಜಿಗೆ. ಹದಿನಾಲ್ಕು ವರ್ಷ ಬೇರೆಯವರು ಕತ್ತರಿಸಿಕೊಟ್ಟದ್ದನ್ನು ಹೊಲಿದವಳಿಗೆ ಆ ಕತ್ತರಿ ಕೈಗೆ ಸಿಗುವುದೆಂದರೆ ಏನು ಎಂಬುದನ್ನು ಅವಳು ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಸೋಮವಾರ ಹೋಗದಿದ್ದರೆ ಆ ಜಾಗ ಇನ್ನೊಬ್ಬರಿಗೆ.

ಇಡೀ ದಿನ ಮಗುವಿನ ಹಿಂದೆ ಓಡಾಡಲು ವಯಸ್ಸಾದ ಅತ್ತೆಯಿಂದ ಆಗದು, ಶಿಶುವಿಹಾರಕ್ಕೇ ಬಿಡಬೇಕು. ಅಲ್ಲಿನ ಮೇಡಂ ಖಂಡಿತವಾಗಿ ಹೇಳಿದ್ದರು: "ಇಲ್ಲಿ ಎಲ್ಲಾ ಮಕ್ಕಳಿಗೂ ಒಂದೇ ಅಡುಗೆ. ಇಡೀ ದಿನ ಏನೂ ತಿನ್ನದ ಮಗೂನ ನಾನು ಇಟ್ಕೊಳ್ಳೋಕಾಗಲ್ಲ. ಸೋಮವಾರ ಒಂದು ದಿನ ನೋಡ್ತೀನಿ."

ಶುಕ್ರವಾರ ಮಧ್ಯಾಹ್ನ ಬೇಯಿಸಿ ಕಿವುಚಿದ ಸಿಹಿಗುಂಬಳ. ಅಮ್ಮ ಹಾಡಿದಳು, ಮುದ್ದು ಮಾಡಿದಳು, ಕಾಗೆಗೆ ಕೊಟ್ಟುಬಿಡುತ್ತೇನೆಂದು ಹೆದರಿಸಿದಳು. ಕೊನೆಗೆ ತಾಳ್ಮೆ ಕೆಟ್ಟು ತುರುಕಿದಳು. ಗುಬ್ಬಿ ಉಗುಳಿತು. ಅವಳು ಥಟ್ಟನೆ ಅದರ ಗದ್ದ ಒರೆಸಿದಳು, ಕೈ ಒರೆಸಿದಳು, ಬೆರಳ ಸಂದಿಗಳನ್ನೂ ಬಿಡಲಿಲ್ಲ.

ಗುಂಡಿಗಳನ್ನು ಬೇರೆಮಾಡುತ್ತ ಕೂತಿದ್ದ ಅತ್ತೆ ತಲೆಯೆತ್ತಿದರು. "ಅಲ್ಲ ಕಣೇ, ಮಗೂಗೆ ಉಣ್ಣಿಸ್ತಿದೀಯೋ, ನೆಲ ಒರೆಸ್ತಿದೀಯೋ?"

"ಪಕ್ಕದಲ್ಲೇ ಬಿಳಿ ರೇಷ್ಮೆ ಹರಡಿದೆ ಅತ್ತೆ. ಒಂದು ಹನಿ ಬಿದ್ರೆ ನನ್ನ ಕಥೆ ಮುಗೀತು."

"ನಿನ್ನ ಕಥೆ ಹಾಗಿರ್ಲಿ. ಇವಳ ಕೈ ನೋಡು."

ಗುಬ್ಬಿ ಎರಡೂ ಅಂಗೈಗಳನ್ನು ಮೇಲೆತ್ತಿ, ಸಿಕ್ಕಿಬಿದ್ದ ಕಳ್ಳನಂತೆ ಕೂತಿತ್ತು. ತೋರುಬೆರಳ ತುದಿಯಲ್ಲಿ ಸಾಸಿವೆಯಷ್ಟು ಹಳದಿ ಉಳಿದಿತ್ತು. ಅದನ್ನು ಮುಂದೆ ಚಾಚಿ, ಇನ್ನೇನು ಅಳುವ ದನಿಯಲ್ಲಿ, "ಕಲೆ, ಅಮ್ಮಾ, ಕಲೆ" ಎಂದಿತು.

ಅಮ್ಮನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು. 'ಅಮ್ಮ', 'ಅಜ್ಜಿ' ಎಂಬುವಾದ ಮೇಲೆ ಗುಬ್ಬಿ ಕಲಿತ ಮಾತೇ 'ಕಲೆ'. ದಿನಕ್ಕೆ ಎಷ್ಟು ಸಲ ತಾನೇ ಹಾಗೆ ಕಿರುಚಿದ್ದಳೋ! ಬಿಳಿ ಅನ್ನದ ಅಗುಳು ಬಿದ್ದಾಗ ಮಾತ್ರ ಈ ಮನೆಯಲ್ಲಿ ಯಾರೂ ಕಿರುಚುತ್ತಿರಲಿಲ್ಲ. ಹಟಮಾರಿ ಎಂದು ತಾನು ನಾಲ್ಕು ಜನರ ಮುಂದೆ ದೂರಿದ ಈ ಮಗು ಇಷ್ಟು ದಿನ ತನ್ನ ರೇಷ್ಮೆಯನ್ನು ಕಾಯುತ್ತಿತ್ತೇ?

ಅವಳು ಎದ್ದು ರೇಷ್ಮೆಯನ್ನು ಮಡಚಿ ಬೀರುವಿನೊಳಗಿಟ್ಟಳು. ನೆಲಕ್ಕೆ ಹಳೆಯ ಚಾದರ ಹಾಸಿ ಕೂತು, ಐದೂ ಬೆರಳುಗಳನ್ನು ಬಟ್ಟಲಿಗದ್ದಿ ತಿಂದಳು. ಬೇಕೆಂದೇ ತನ್ನ ತೋಳಿಗೂ ಒಂದಿಷ್ಟು ಬಳಿದುಕೊಂಡಳು.

"ತಲೆ ನೆಟ್ಟಗಿದೆ ತಾನೇ?" ಎಂದರು ಅತ್ತೆ. ಆದರೂ ಗುಂಡಿಯ ಡಬ್ಬಿ ಮುಚ್ಚಿಟ್ಟು ಬಂದು ಅವರೂ ಬೆರಳದ್ದಿದರು.

ಗುಬ್ಬಿ ಬೈಗುಳಕ್ಕಾಗಿ ಕಾಯಿತು. ಬರಲಿಲ್ಲ. ಮೆಲ್ಲಗೆ ಬಟ್ಟಲಿಗೆ ಬೆರಳು ಚುಚ್ಚಿತು, ನೆಕ್ಕಿತು, ಹುಣಸೆಹಣ್ಣು ಕಚ್ಚಿದಂತೆ ಮುಖ ಮಾಡಿತು. ಮತ್ತೆ ಚುಚ್ಚಿತು.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಶನಿವಾರ ಸೊಪ್ಪು ಗೋಡೆಗೆ ಹೋಯಿತು. ಭಾನುವಾರ ಕ್ಯಾರೆಟ್‌ನ ಮೂರು ತುತ್ತುಗಳಲ್ಲಿ ಒಂದು ಹೊಟ್ಟೆಗೆ ಸೇರಿತು. ಸೋಮವಾರ ಅವಳು ಮಗುವಿಗೆ ಹಳೆಯ ಫ್ರಾಕ್ ಹಾಕಿ, ಶಿಶುವಿಹಾರದ ಬಾಗಿಲಲ್ಲಿ, "ಮೇಡಂ, ಊಟ ಮುಗಿಯೋವರೆಗೂ ಇವಳ ಕೈ ಒರೆಸಬೇಡಿ, ಅಷ್ಟೇ" ಎಂದು ಕೇಳಿಕೊಂಡಳು. ಅಂಗಡಿಯಲ್ಲಿ ದೊಡ್ಡ ಕತ್ತರಿ ಹಿಡಿದಾಗ ಕಿವಿಯೆಲ್ಲ ಫೋನಿನ ಮೇಲಿತ್ತು. ಅದು ಸದ್ದು ಮಾಡಲಿಲ್ಲ.

ಸಂಜೆ ಓಡೋಡುತ್ತ ಹೋದಳು. ಮೇಡಂ ಗುಬ್ಬಿಯನ್ನು ಕಂಕುಳಲ್ಲಿ ಎತ್ತಿಕೊಂಡೇ ಹೊರಬಂದರು.

"ಎರಡು ತುತ್ತು ಬೀಟ್‌ರೂಟ್ ತಿಂದ್ಲು. ಮೂರನೇದನ್ನ ನನ್ನ ಅಂಗಿಗೆ ಒರೆಸಿದ್ಲು."

"ಅಯ್ಯೋ! ಹಾಗಾದ್ರೆ... ನಾಳೆ?"

"ಬರ್ಲಿ, ಬರ್ಲಿ. ನಾಳೆ ನಾನೇ ಹಳೇ ಅಂಗಿ ಹಾಕ್ಕೊಂಡು ಬರ್ತೀನಿ."